ಅಮೆರಿಕದ ಹಳೇ ‘ಪಶ್ಚಿಮ’ದ ಮ್ಯಾಪ್‌ಗಳು: ಇಲ್ದಿರೋ ದ್ವೀಪ, ನೀರಲ್ಲಿ ಮುಳುಗಿದ ಜಾಗ, ಇನ್ನೂ ಏನೇನೋ

ಓಹಾಯೋ_ಹಾಸನ

ಎಲ್ರಿಗೂ ನಮಸ್ಕಾರ. ಹೋದ ಶನಿವಾರ ಒಂದು ಕಲ್ಲು ನೋಡಕ್ಕೆ ಅಂತ ಕೊಲಂಬಸ್‌ನಿಂದ ಮೂರು ಗಂಟೆ ಹತ್ತತ್ರ ಗಾಡಿ ಓಡಿಸ್ಕೊಂಡು ಈಸ್ಟ್ ಲಿವರ್‌ಪೂಲ್ ಅನ್ನೋ ಊರಿಗೆ ಹೋಗಿದ್ದೆ. ಓಹಾಯೋ-ಪೆನ್ಸಿಲ್ವೇನಿಯಾ ಬಾರ್ಡರು, ನದಿ ಪಕ್ಕದ ರೋಡು, ಲಾರಿಗಳು ಬರ್ರ್ ಅಂತ ಹೋಗೋ ಜಾಗ, ಅಲ್ಲಿ ಒಂದು ಕಲ್ಲಿನ ಕಂಬ ನಿಲ್ಸಿದಾರೆ. ಅಮೆರಿಕದ ಸರ್ಕಾರಿ ಜಮೀನಿನ ಅಳತೆ ಶುರುವಾದ ಜಾಗ ಇಲ್ಲಿಂದ 1,112 ಅಡಿ ದಕ್ಷಿಣಕ್ಕಿದೆ ಅಂತ ಬರ್ದಿದೆ. ದಕ್ಷಿಣಕ್ಕೆ ತಿರುಗಿ ನೋಡಿದ್ರೆ ಬರೀ ನೀರು! ಆಮೇಲಾಮೇಲೆ ಡ್ಯಾಮ್ ಕಟ್ಟಿ ಓಹಾಯೋ ನದಿ ಮಟ್ಟ ಏರಿ ಅಸಲಿ ಜಾಗ ಒಳಗಡೆ ಸೇರ್ಕೊಂಡಿದೆ. ನಮ್ಮನೆಯವ್ಳು "ಇದಕ್ಕಾ ಬೆಳಗ್ಗೆ ಆರಕ್ಕೆ ಎಬ್ಸಿದ್ದು" ಅಂದ್ಳು, ಏನೂ ಮಾತಾಡ್ಲಿಲ್ಲ ನಾನು.

ವಿಷ್ಯ ಏನಪ್ಪ ಅಂದ್ರೆ, 1783ರಲ್ಲಿ ಬ್ರಿಟಿಷರ ಜೊತೆ ಒಪ್ಪಂದ ಆಗಿ ದೇಶ ಹುಟ್ಟಿತು, ಖಜಾನೆ ಖಾಲಿ, ಯುದ್ಧ ಮಾಡಿದ ಸೈನಿಕರಿಗೆ ಕೊಡಕ್ಕೂ ದುಡ್ಡಿಲ್ಲ, ಇದ್ದಿದ್ದು ಅಂದ್ರೆ ಬೆಟ್ಟದಾಚೆ ಜಮೀನೊಂದೇ. ಆವಾಗ ಅವರ ಬಾಯಲ್ಲಿ ‘ಪಶ್ಚಿಮ’ ಅಂದ್ರೆ ಟೆಕ್ಸಾಸು ಕ್ಯಾಲಿಫೋರ್ನಿಯಾ ಅಲ್ಲ, ಈ ಓಹಾಯೋ, ಕೆಂಟಕಿ, ಇಂಡಿಯಾನಾನೇ. ಅಳೆದು ಚೌಕ ಚೌಕ ಮಾಡಿ ಮಾರೋಣ ಅಂತ 1785ರ ಮೇನಲ್ಲಿ ಕಾನೂನು ಮಾಡಿದ್ರು, ಸೆಪ್ಟೆಂಬರ್ 30ಕ್ಕೆ ಥಾಮಸ್ ಹಚಿನ್ಸ್ ಈ ಜಾಗದಿಂದ ಪಶ್ಚಿಮಕ್ಕೆ ಗೆರೆ ಎಳಿಯಕ್ಕೆ ಶುರು ಮಾಡ್ದ. ಇಡೀ ದೇಶಕ್ಕೇ ಭೂಗೋಳಕಾರ ಅನ್ನೋ ಸರ್ಕಾರಿ ಹುದ್ದೆ ಅವನದ್ದು. ಮೊದಲ್ನೇ ವರ್ಷ ನಾಲ್ಕು ಮೈಲಿ ಹೋಗೋದ್ರೊಳಗೆ ಮುಂದೆ ಮೂಲನಿವಾಸಿಗಳ ಗಲಾಟೆ ಇದೆ ಅನ್ನೋ ಸುದ್ದಿ ಬಂದು ಗಂಟುಮೂಟೆ ಕಟ್ಕೊಂಡು ವಾಪಸ್.

ನನ್ ಪ್ರಶ್ನೆ, ಇಂಥ ಅಳತೆ ಆಗೋಕ್ ಮುಂಚೆ ಯಾವ ಮ್ಯಾಪ್ ಇಟ್ಕೊಂಡು "ಇದೆಲ್ಲಾ ನಮ್ದು" ಅಂತ ಸಹಿ ಹಾಕಿದ್ರು? ಗೊತ್ತಿರೋರು ಹೇಳಿ.

ನಕ್ಷೆಹುಚ್ಚ

ಅಯ್ಯೋ ಒಳ್ಳೇ ಪ್ರಶ್ನೆ ಕೇಳಿದ್ರಿ, ಇವತ್ತು ಆಫೀಸ್ ಕೆಲಸ ಆಗಲ್ಲ ಬಿಡಿ.

1783ರ ಆ ಒಪ್ಪಂದ ಬರಿಯೋವಾಗ ಪ್ಯಾರಿಸಲ್ಲಿ ಮುಂದಿಟ್ಕೊಂಡಿದ್ದು ಜಾನ್ ಮಿಚೆಲ್‌ನ 1755ರ ಮ್ಯಾಪು. ಈ ಮಿಚೆಲ್ ಸರ್ವೆಯರ್ ಅಲ್ಲ, ವರ್ಜೀನಿಯಾದ ಡಾಕ್ಟ್ರು, ಗಿಡಮೂಲಿಕೆ ಹುಚ್ಚು ಬೇರೆ. ಲಂಡನ್‌ಗೆ ಹೋಗಿ ಸೆಟ್ಲ್ ಆಗಿ, ಫ್ರೆಂಚರು ಎಷ್ಟೆಲ್ಲಾ ಒತ್ತುವರಿ ಮಾಡಿದಾರೆ ಅಂತ ತೋರ್ಸಕ್ಕೆ ಸಿಕ್ಕಿದ ಪತ್ರ, ರಿಪೋರ್ಟು, ಹಳೇ ನಕ್ಷೆ ಎಲ್ಲಾ ಗುಡ್ಡೆ ಹಾಕ್ಕೊಂಡು ಎಂಟು ಶೀಟಿನ ಮ್ಯಾಪ್ ಮಾಡ್ದ. ಗೋಡೆಗೆ ಹಾಕಿದ್ರೆ ನಾಲ್ಕೂವರೆ ಅಡಿ ಎತ್ತರ, ಆರೂವರೆ ಅಡಿ ಅಗಲ ಬರುತ್ತೆ. ಆ ಕಾಲಕ್ಕೆ ಅದಕ್ಕಿಂತ ಒಳ್ಳೇದು ಇರ್ಲಿಲ್ಲ ಅನ್ನೋದೂ ನಿಜ.

ಈಗ ತಮಾಷೆ ನೋಡಿ. ಮ್ಯಾಪಿನ ಎಡಗಡೆ ಮೇಲ್ಮೂಲೆಲಿ ಹಡ್ಸನ್ ಕೊಲ್ಲಿದು ಒಂದು ಪುಟ್ಟ ನಕ್ಷೆ ಕೂರಿಸಿದಾನೆ. ಮಿಸಿಸಿಪ್ಪಿ ನದಿ ಹುಟ್ಟೋ ಜಾಗ ಎಲ್ಲಿ ಬರ್ಬೇಕೋ ಕರೆಕ್ಟಾಗಿ ಅದ್ರ ಕೆಳಗೆ ಮುಚ್ಚೋಗಿದೆ. ನದಿ ಮೂಲ ಇನ್ನೂ ಗೊತ್ತಿಲ್ಲ, 50ನೇ ಡಿಗ್ರಿ ಹತ್ರ ಇರ್ಬಹುದು ಅಂತ ಪಕ್ಕದಲ್ಲೇ ಬರ್ದೂ ಇದಾನೆ ಪುಣ್ಯಾತ್ಮ. ಆ ‘ಇರ್ಬಹುದು’ನ ಇವ್ರು ‘ಇದೆ’ ಅಂತ ತಗೊಂಡ್ರು. ಲೇಕ್ ಆಫ್ ದಿ ವುಡ್ಸ್ ಅನ್ನೋ ಸರೋವರದ ವಾಯವ್ಯ ತುದಿಯಿಂದ ನೆಟ್ಟಗೆ ಪಶ್ಚಿಮಕ್ಕೆ ಮಿಸಿಸಿಪ್ಪಿ ತನಕ ಗಡಿ ಅಂತ ಒಪ್ಪಂದದಲ್ಲಿ ಬರ್ದ್ರು. ಆದ್ರೆ ಮಿಸಿಸಿಪ್ಪಿ ಅಷ್ಟು ಉತ್ತರಕ್ಕೆ ಹೋಗೋದೇ ಇಲ್ಲ! ಆ ಗೆರೆ ಹಿಡ್ಕೊಂಡು ಪಶ್ಚಿಮಕ್ಕೆ ಎಷ್ಟು ನಡೆದ್ರೂ ನದಿ ಸಿಗಲ್ಲ.

1818ರಲ್ಲಿ 49ನೇ ಅಕ್ಷಾಂಶಕ್ಕೆ ರಾಜಿ ಆದ್ರು, ಆದ್ರೂ ಆ ಸರೋವರದ ತುದಿನ ಬಿಡ್ಲಿಲ್ಲ, ಅಲ್ಲಿಂದ 49ಕ್ಕೆ ಒಂದು ಗೆರೆ ಇಳಿಸಿದ್ರು. ಅದಕ್ಕೇ ಇವತ್ತು ಅಮೆರಿಕದ ಮ್ಯಾಪ್ ತೆಗೆದ್ರೆ ಮಿನೆಸೋಟಾ ತಲೆ ಮೇಲೆ ಜುಟ್ಟಿನ ತರ ಒಂದು ಚೂರು ಎದ್ದಿರುತ್ತೆ. ನಾರ್ತ್‌ವೆಸ್ಟ್ ಆಂಗಲ್ ಅಂತ. ಅಲ್ಲಿನವ್ರು ರೋಡಲ್ಲಿ ತಮ್ಮ ರಾಜ್ಯದ ಬೇರೆ ಊರಿಗೆ ಬರ್ಬೇಕಂದ್ರೆ ಕೆನಡಾ ಒಳಗೆ ಹೋಗಿ ಬರ್ಬೇಕು.

ಹುಬ್ಬಳ್ಳಿ_ಮಂದಿ

ಮಿಸಿಸಿಪ್ಪಿ ಮೂಲ ಕಡಿಗೆ ಹುಡುಕಿದಾಂವ ಸ್ಕೂಲ್‌ಕ್ರಾಫ್ಟ್ ಅಲ್ಲೇನ್ರೀ? 1832ರಾಗ?

ನಕ್ಷೆಹುಚ್ಚ

ಹುಡುಕಿದ ಅನ್ನೋದಕ್ಕಿಂತ, ಓಜಿಬ್ವೆ ಜನರ ಮುಖಂಡ ಓಜಾವಿಂಡಿಬ್ ದೋಣಿಲಿ ಕೂರಿಸ್ಕೊಂಡು ಹೋಗಿ ತೋರ್ಸಿದ್ದು ರೀ. ಆ ಜನಕ್ಕೆ ಮೊದ್ಲಿಂದ ಗೊತ್ತಿತ್ತು. ಇವ್ನು ಹೋಗಿ ಇಟಾಸ್ಕಾ ಅಂತ ಹೆಸರಿಟ್ಟು ಬಂದ.

ಇನ್ನೊಂದು ಹೇಳೋದು ಮರ್ತೆ. ಅದೇ ಒಪ್ಪಂದದಲ್ಲಿ ಲೇಕ್ ಸುಪೀರಿಯರ್ ಒಳಗೆ ಗಡಿ ಗೆರೆ ಐಲ್ ರಾಯಲ್ ಮತ್ತೆ ಫೆಲಿಪೋ ಅನ್ನೋ ಎರಡು ದ್ವೀಪದ ಉತ್ತರಕ್ಕೆ ಹೋಗ್ಬೇಕು ಅಂತಿದೆ. ಐಲ್ ರಾಯಲ್ ಇದೆ, ಈಗ ನ್ಯಾಷನಲ್ ಪಾರ್ಕು. ಫೆಲಿಪೋ ಇಲ್ವೇ ಇಲ್ಲ.

ಹುಬ್ಬಳ್ಳಿ_ಮಂದಿ

ಏನ್ ಹೇಳಾಕತ್ತೀರಿ ಮಾರಾಯ್ರ! ಇಲ್ಲದ ದ್ವೀಪ ಬರದು ಎರಡು ದೇಶ ಸಹಿ ಹಾಕ್ಯಾವ? ಮುಳುಗಿ ಗಿಳುಗಿ ಹೋಗಿರಬೇಕ ನೋಡ್ರಿ, ಮ್ಯಾಲಿನ ಅಳತಿ ಜಾಗದಂಗ.

ನಕ್ಷೆಹುಚ್ಚ

ಮುಳುಗಿಲ್ಲ ರೀ, ಹುಟ್ಟೇ ಇರ್ಲಿಲ್ಲ. ಬೆಲ್ಲಿನ್ ಅನ್ನೋ ಫ್ರೆಂಚ್ ನಕ್ಷೆಗಾರ 1744ರ ತನ್ನ ಮ್ಯಾಪಲ್ಲಿ ಲೇಕ್ ಸುಪೀರಿಯರ್ ತುಂಬ ದೊಡ್ಡ ದೊಡ್ಡ ದ್ವೀಪ ಬಿಡಿಸಿದ್ದ. ಫೆಲಿಪೋ, ಮೊರೆಪಾ, ಪೊಂಶಾರ್ತ್ರೆ ಅಂತ. ಫ್ರಾನ್ಸಿನ ಆಗಿನ ನೌಕಾ ಮಂತ್ರಿ ಹೆಸರೇನು ಗೊತ್ತಾ? ಫೆಲಿಪೋ, ಮೊರೆಪಾದ ಕೌಂಟ್. ಪೊಂಶಾರ್ತ್ರೆ ಅವರಪ್ಪನ ಬಿರುದು. ನಮ್ಮಲ್ಲಿ ಮಂತ್ರಿ ಹೆಸರನ್ನ ಬಸ್‌ಸ್ಟ್ಯಾಂಡಿಗೆ ಇಡ್ತಾರಲ್ಲ ಹಂಗೆ, ಬಸ್‌ಸ್ಟ್ಯಾಂಡಾದ್ರೂ ಕಟ್ಟಿರ್ತಾರೆ. ಮಿಚೆಲ್ ಇದನ್ನ ನೋಡಿ ಕಾಪಿ ಹೊಡ್ದ, ಮಿಚೆಲ್‌ನ ನೋಡಿ ಒಪ್ಪಂದ ಬರ್ದ್ರು. 1820ರ ದಶಕದಲ್ಲಿ ಎರಡೂ ಕಡೆ ಸರ್ವೆಯರ್‌ಗಳು ಹೋಗಿ ಹುಡುಕಿದ್ರೆ ದ್ವೀಪ ಇದ್ರೆ ತಾನೇ ಸಿಗೋದು. ಅಲ್ಲಿನ ಗಡಿ ಪೂರ್ತಿ ಇತ್ಯರ್ಥ ಆಗಿದ್ದು 1842ರಲ್ಲಿ.

ಮೋಜಣಿ_ಮೇಷ್ಟ್ರು

ಈ ಚರ್ಚೆ ನನ್ನ ಮಗಳು ಕಳಿಸಿದಳು. ಮೂವತ್ತು ಚಿಲ್ಲರೆ ವರ್ಷ ಸರ್ವೆಯಲ್ಲೇ ಕಳೆದವನು ನಾನು, ಈಗ ನಿವೃತ್ತ. ಟೈಪಿಂಗ್ ನಿಧಾನ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಾಸನದವರೇ, ಆ ಹಚಿನ್ಸ್ ಯಾವುದರಲ್ಲಿ ಅಳೆದ ಅಂತ ನೀವು ಬರೆಯಲಿಲ್ಲ. ಗಂಟರ್ ಸರಪಳಿ. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರ ಸುಮಾರಿಗೆ ಮಾಡಿದ್ದು, 66 ಅಡಿ, 100 ಕೊಂಡಿ. 80 ಸರಪಳಿಗೆ ಒಂದು ಮೈಲಿ. ಉದ್ದ ಹತ್ತು ಸರಪಳಿ ಅಗಲ ಒಂದು ಸರಪಳಿ ಆದರೆ ಒಂದು ಎಕರೆ. ಈಗ ನಮ್ಮ ಗುಂಟೆ ತೆಗೆದುಕೊಳ್ಳಿ, 33 ಅಡಿ ಉದ್ದ 33 ಅಡಿ ಅಗಲ, ಅಂದರೆ ಅರ್ಧ ಸರಪಳಿಯ ಚೌಕ. 40 ಗುಂಟೆಗೆ ಒಂದು ಎಕರೆ ಸರಿಯಾಗಿ ಕೂರುವುದು ಅದಕ್ಕೇ. ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೂ ಓಹಾಯೋದ ಜೋಳದ ಹೊಲಕ್ಕೂ ಅಳತೆಯ ತಾಯಿಬೇರು ಒಂದೇ.

ಅವರು ಮಾಡಿದ್ದು ಆರು ಮೈಲಿಯ ಚೌಕಕ್ಕೆ ಒಂದು ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದೊಂದು 640 ಎಕರೆ. 16ನೇ ಸೆಕ್ಷನ್ ಶಾಲೆಗೆ ಮೀಸಲು. ಇದು ಒಳ್ಳೆಯ ಕೆಲಸ, ಒಪ್ಪಬೇಕು. 1796ರ ಕಾನೂನಿನ ನಂತರ ನಂಬರ್ ಕೊಡುವ ರೀತಿ ನೋಡಿ ನನಗೆ ನಗು ಬಂತು. ಈಶಾನ್ಯ ಮೂಲೆಯಲ್ಲಿ 1, ಪಶ್ಚಿಮಕ್ಕೆ 6ರ ತನಕ, ಅದರ ಕೆಳಗೆ 7, ವಾಪಸ್ ಪೂರ್ವಕ್ಕೆ. ಎತ್ತು ಕಟ್ಟಿ ಉಳುವಾಗ ಸಾಲಿನ ಕೊನೆಗೆ ತಿರುಗಿಸಿಕೊಂಡು ಬರುತ್ತೇವಲ್ಲ, ಹಾಗೇ.

ಆದರೆ ಅಳತೆ ಮಾಡಿದವರಿಗೆ ಮೈಲಿಗೆ ಎರಡು ಡಾಲರ್, ಸರಪಳಿ ಹಿಡಿಯುವವರ ಕೂಲಿ ಅದರಲ್ಲೇ. ಗುಡ್ಡ ಇಳಿಯುವಾಗ ಸರಪಳಿಯನ್ನು ಮಟ್ಟವಾಗಿ ಎತ್ತಿ ಹಿಡಿಯದೆ ನೆಲದ ಮೇಲೇ ಎಳೆದುಕೊಂಡು ಹೋದರೆ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ನನ್ನನ್ನು ಕೇಳಿ. ನನ್ನ ಮೊದಲ ವರ್ಷ ಒಂದು ಕಾಫಿ ತೋಟದ ಇಳಿಜಾರಿನಲ್ಲಿ ಇದೇ ತಪ್ಪು ಮಾಡಿ, ಮೇಲಿನವರು ಮೂರು ದಿನದ ಕೆಲಸ ಪೂರಾ ಮತ್ತೆ ಮಾಡಿಸಿದ್ದರು. ಕೈಯಲ್ಲಿ ಬೊಬ್ಬೆ. ಕೂಲಿ ಮೈಲಿ ಲೆಕ್ಕ ಆದರೆ ಯಾರು ಎತ್ತಿ ಹಿಡಿಯುತ್ತಾರೆ?

ಮೈಸೂರ್ಪಾಕ್_ಅಕ್ಕ

ಮೇಷ್ಟ್ರೇ ನಿಮ್ಮ ಮಗಳಿಗೆ ಥ್ಯಾಂಕ್ಸ್ ಹೇಳಿ 🙏

ನನಗೆ ಈ ಸರ್ಕಾರಿ ಮ್ಯಾಪ್‌ಗಿಂತ ಪ್ರೈವೇಟ್ ಪಾರ್ಟಿಗಳ ಮ್ಯಾಪೇ ಇಷ್ಟ. ಜಾನ್ ಫಿಲ್ಸನ್ ಅಂತ ಒಬ್ಬ ಸ್ಕೂಲ್ ಮೇಷ್ಟ್ರು, ಕೆಂಟಕಿಗೆ ಹೋಗಿ ಸಾವಿರಾರು ಎಕರೆ ಜಮೀನು ಮಾಡ್ಕೊಂಡ, 1784ರಲ್ಲಿ ಕೆಂಟಕಿ ಬಗ್ಗೆ ಪುಸ್ತಕ ಮ್ಯಾಪು ಎರಡೂ ಹೊರಗೆ ತಂದ. ಡೇನಿಯಲ್ ಬೂನ್ ಅನ್ನೋ ಬೇಟೆಗಾರ ಫೇಮಸ್ ಆಗಿದ್ದೇ ಆ ಪುಸ್ತಕದಿಂದ. ಮ್ಯಾಪಲ್ಲಿ ಕೋಟೆಗಳು, ಉಪ್ಪಿನ ಬುಗ್ಗೆ, ಕಾಲುದಾರಿ, ಕೇನ್ ಅನ್ನೋ ಬಿದಿರು ಜಾತಿ ಹುಲ್ಲು ಎಲ್ಲಿ ದಟ್ಟವಾಗಿ ಬೆಳ್ದಿದೆ ಅಂತೆಲ್ಲಾ ಗುರುತು. ಕೇನ್ ಇದ್ರೆ ಮಣ್ಣು ಫಲವತ್ತು ಅಂತ ಆಗಿನವ್ರ ನಂಬಿಕೆ. ಅಂದ್ರೆ ಇದು ಮ್ಯಾಪೋ ಲೇಔಟ್ ಬ್ರೋಷರೋ? ‘ಬಾವಿ ನೀರು ಸಿಹಿ, ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ’ ಅನ್ನೋ ಟೈಪು. ಜಮೀನಿರೋನೇ ಮ್ಯಾಪ್ ಮಾಡಿ ಹೊಗಳಿದ್ರೆ ಇನ್ನೇನಾಗುತ್ತೆ. ಪಾಪ ಅವನ ಕೊನೆ ಚೆನ್ನಾಗಿರ್ಲಿಲ್ಲ, ಈಗಿನ ಸಿನ್ಸಿನಾಟಿ ಇರೋ ಕಡೆ ಊರು ಕಟ್ಟಕ್ಕೆ ಹೋಗಿ ಅದಕ್ಕೆ ಲೊಸಾಂಟಿವಿಲ್ ಅಂತ ನಾಲ್ಕು ಭಾಷೆ ಕಲ್ಸಿ ಹೆಸರಿಟ್ಟು, 1788ರಲ್ಲಿ ಕಾಡಲ್ಲಿ ಕಾಣೆಯಾದೋನು ಮತ್ತೆ ಸಿಗ್ಲಿಲ್ಲ.

ಇನ್ನೊಬ್ಬ ಜಾನ್ ಫಿಚ್. ಕೆಂಟಕಿಲಿ ಸರ್ವೆ ಮಾಡ್ತಿದ್ದ, ಮೂಲನಿವಾಸಿಗಳ ಕೈಗೆ ಸೆರೆ ಸಿಕ್ಕು ಬದುಕಿ ಬಂದೋನು. 1785ರಲ್ಲಿ ವಾಯವ್ಯ ಭಾಗದ ಮ್ಯಾಪ್ ತಾನೇ ತಾಮ್ರದ ತಗಡಿನ ಮೇಲೆ ಕೆತ್ತಿ, ಸೇಬಿನ ರಸ ಹಿಂಡೋ ಮರದ ಪ್ರೆಸ್ ಇರುತ್ತಲ್ಲ, ಅದ್ರಲ್ಲಿ ಒತ್ತಿ ಪ್ರಿಂಟ್ ಹಾಕ್ದ!! ಮಾರಿ ಬಂದ ದುಡ್ಡನ್ನ ಉಗಿ ದೋಣಿ ಮಾಡಕ್ಕೆ ಸುರಿದ. ಹೌದು, ಸ್ಟೀಮ್ ಬೋಟ್ ಫಿಚ್ ಇವನೇ. ಲೈಬ್ರರಿ ಆಫ್ ಕಾಂಗ್ರೆಸ್ ಸೈಟಲ್ಲಿ ಇಂಥ ಹಳೇ ಮ್ಯಾಪ್‌ಗಳನ್ನ ಝೂಮ್ ಮಾಡಿ ನೋಡ್ಬಹುದು, ಫ್ರೀ. ರಾತ್ರಿ ನಿದ್ದೆ ಕೆಡುತ್ತೆ ಅಷ್ಟೆ.

ನಕ್ಷೆಹುಚ್ಚ

ಅಕ್ಕಾ, ಮುಂದೆ ಅಮೆರಿಕದ ಅಧ್ಯಕ್ಷ ಆದ ಜೆಫರ್ಸನ್ ಇಟ್ಟ ಹೆಸರುಗಳ್ನ ಬಿಟ್ಟೇಬಿಟ್ರಿ. 1784ರಲ್ಲಿ ಆ ಭಾಗನ ಹೊಸ ರಾಜ್ಯಗಳಾಗಿ ಹಂಚೋ ಪ್ಲಾನಲ್ಲಿ ಪೊಲಿಪೊಟಾಮಿಯಾ, ಮೆಟ್ರೊಪೊಟಾಮಿಯಾ, ಅಸೆನಿಸಿಪಿಯಾ, ಚೆರ್ಸೊನೀಸಸ್... ದೇವ್ರ ದಯೆ, ಜಾರಿಗೆ ಬರ್ಲಿಲ್ಲ. "ನಿಮ್ಮಗ ಎಲ್ಲಿದಾನೆ?" "ಅಸೆನಿಸಿಪಿಯಾದಲ್ಲಿ" ಅಂತ ಮದುವೆ ಮನೇಲಿ ಹೇಳೋದು ಊಹಿಸ್ಕೊಳ್ಳಿ 😂

ಮೋಜಣಿ_ಮೇಷ್ಟ್ರು

ಕೆಂಟಕಿ ಬಂತಲ್ಲ, ಅಲ್ಲಿನ ಅವಾಂತರ ಹೇಳದೆ ಮುಂದೆ ಹೋಗಬಾರದು. ಅಲ್ಲಿ ಈ ಚೌಕದ ಪದ್ಧತಿ ಇರಲಿಲ್ಲ, ನಮ್ಮ ಕ್ರಯಪತ್ರದ ಚಕ್ಕುಬಂದಿಯ ತರಹ. ಇಂಥ ಬಿಳಿ ಓಕ್ ಮರದಿಂದ ಇಂಥ ತೊರೆಯ ಬಾಯಿಗೆ, ಅಲ್ಲಿಂದ ಇಂಥವನ ಹೊಲದ ಮೂಲೆಗೆ. ಮರ ಬಿದ್ದರೆ ಮುಗಿಯಿತು. ಮೇಲಾಗಿ ಒಬ್ಬ ಅಳೆದದ್ದನ್ನು ಇನ್ನೊಬ್ಬ ನೋಡದೆ ಅದರ ಮೇಲೇ ಅಳೆದು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹಕ್ಕು. ಆ ಡೇನಿಯಲ್ ಬೂನ್ ಸ್ವತಃ ಸರ್ವೆಯರ್ ಕೆಲಸ ಮಾಡಿದವನು, ಅವನ ಜಮೀನೇ ಕೋರ್ಟು ಕಚೇರಿ ಅಂತ ಕೈಬಿಟ್ಟು ಹೋಗಿ 1799ರಲ್ಲಿ ಮಿಸೌರಿಗೆ ಗುಳೆ ಹೋದ. ಓಹಾಯೋದಲ್ಲಿ ಮೊದಲು ಅಳತೆ ಆಮೇಲೆ ಮಾರಾಟ ಅಂತ ಕಾನೂನು ಮಾಡಿದ್ದು ಸುಮ್ಮನೆ ಅಲ್ಲ.

ಕರಿಮೋಡ

ಎಲ್ಲಾ ಸರಿ, ಆದ್ರೆ ಇಷ್ಟೊತ್ತು ಓದಿದ್ರೂ ಒಂದು ಕಿರಿಕಿರಿ. ಎಲ್ರೂ ‘ತಪ್ಪು ಮ್ಯಾಪ್’ ಅಂತ ನಗ್ತಿದೀರ. ಅಲ್ಲಿನ ಮೂಲನಿವಾಸಿಗಳಾದ ಶಾವ್ನೀ, ಮಯಾಮಿ, ಡೆಲವೇರ್ ಜನಗಳಿಗೆ ಆ ಮ್ಯಾಪ್ ಅಳತೆ ಸರಿ ಇದ್ದಿದ್ರೂ ತಪ್ಪೇ ಅಲ್ವಾ? ಓಹಾಯೋ ನದಿಯಿಂದ ಉತ್ತರಕ್ಕೆಲ್ಲಾ ನಮ್ದು ಅಂತ ಅವ್ರು ಹೇಳ್ತಾನೇ ಇದ್ರು. ಪ್ಯಾರಿಸಲ್ಲಿ ಅವರನ್ನ ಯಾರೂ ಕೂರಿಸಿ ಕೇಳಿಲ್ಲ. ಹಚಿನ್ಸ್ ನಾಲ್ಕು ಮೈಲಿಗೆ ಓಡಿ ಬಂದಿದ್ದಕ್ಕೆ ಕಾರಣ ಅದೇ. 1791ರಲ್ಲಿ ಸೇಂಟ್ ಕ್ಲೇರ್ ಅನ್ನೋ ಗವರ್ನರ್ ಸೈನ್ಯ ತಗೊಂಡು ಹೋಗಿ 600ಕ್ಕೂ ಜಾಸ್ತಿ ಜನ ಕಳ್ಕೊಂಡು ಬಂದ, ಆ ದೇಶದ ಸೈನ್ಯಕ್ಕೆ ಮೂಲನಿವಾಸಿಗಳ ಕೈಲಿ ಆದ ಅತಿ ದೊಡ್ಡ ಸೋಲು ಅದು. ಆಮೇಲೆ 1794ರಲ್ಲಿ ಫಾಲನ್ ಟಿಂಬರ್ಸ್‌ನಲ್ಲಿ ಆ ಜನ ಸೋತ್ರು, 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಈಗಿನ ಓಹಾಯೋದ ಹೆಚ್ಚಿನ ಭಾಗ ಕೈಬಿಟ್ಟೋಯ್ತು.

ಅಲ್ಲದೆ ಮ್ಯಾಪಲ್ಲಿ ಸರಿ ಇರೋದ್ರಲ್ಲೂ ಎಷ್ಟೋ ಅವರದ್ದೇ. 1801ರಲ್ಲಿ ಬ್ಲ್ಯಾಕ್‌ಫೂಟ್ ಮುಖಂಡ ಆಕೊ ಮೋಕಿ ತುಪ್ಪಳದ ವ್ಯಾಪಾರ ಮಾಡ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಸರ್ವೆಯರ್ ಪೀಟರ್ ಫಿಡ್ಲರ್‌ಗೆ ಮಿಸೌರಿ ನದಿ ಕವಲುಗಳು, ರಾಕಿ ಬೆಟ್ಟದ ಸಾಲು ಎಲ್ಲಾ ಬಿಡಿಸಿ ಕೊಟ್ಟ. ಅದು ಲಂಡನ್‌ಗೆ ಹೋಗಿ ಅಲ್ಲಿನ ನಕ್ಷೆಗಾರ ಆರೋಸ್ಮಿತ್‌ನ 1802ರ ಮ್ಯಾಪಲ್ಲಿ ಸೇರ್ಕೊಂತು, ಅದನ್ನ ನೋಡ್ಕೊಂಡು, ಪಶ್ಚಿಮದ ಸಮುದ್ರದ ತನಕ ದಾರಿ ಹುಡುಕಕ್ಕೆ ಅಮೆರಿಕ ಸರ್ಕಾರ ಕಳಿಸಿದ ಲೂಯಿಸ್-ಕ್ಲಾರ್ಕ್ ಹೊರಟ್ರು. 1805ರ ಜನವರಿಲಿ ಮ್ಯಾಂಡನ್ ಮುಖಂಡ ಶೆಹೆಕೆ ಕ್ಲಾರ್ಕ್‌ಗೆ ಮುಂದಿನ ದಾರಿ ಗೀಚಿ ಕೊಟ್ಟ. ಅದೇ ಸೆಪ್ಟೆಂಬರಲ್ಲಿ ನೆ ಪರ್ಸ್ ಜನರ ಟ್ವಿಸ್ಟೆಡ್ ಹೇರ್ ಬಿಳೀ ಎಲ್ಕ್ ಚರ್ಮದ ಮೇಲೆ ನದಿ ಬಿಡಿಸಿದ. 1814ರಲ್ಲಿ ಅಚ್ಚಾದ ಮ್ಯಾಪ್ ಮಾತ್ರ ‘ಕ್ಲಾರ್ಕ್ ಮ್ಯಾಪ್’.

ಓಹಾಯೋ_ಹಾಸನ

ಕರಿಮೋಡ, ಒಪ್ಪಿದೆ. ನಾನು ಮೇಲೆ "ಬರೀ ಗಲಾಟೆ" ಅನ್ನೋ ತರ ಬರ್ದೆ, ಈಗ ಓದಿದ್ರೆ ನನಗೇ ಸರಿ ಅನ್ನಿಸ್ತಿಲ್ಲ. ಎಡಿಟ್ ಮಾಡಲ್ಲ, ಇರ್ಲಿ.

ನಮ್ಮ ಸ್ಟೇಟಿನ ಇನ್ನೊಂದು ಕತೆ. 1787ರಲ್ಲಿ ಓಹಾಯೋದ ಉತ್ತರ ಗಡಿಗೆ ಲೇಕ್ ಮಿಶಿಗನ್‌ನ ದಕ್ಷಿಣ ತುದಿಯಿಂದ ನೆಟ್ಟಗೆ ಪೂರ್ವಕ್ಕೆ ಎಳೀರಿ ಅಂತ ಹೇಳಿದ್ರು. ಮಿಚೆಲ್ ಮ್ಯಾಪಲ್ಲಿ ಆ ತುದಿ ಇರ್ಬೇಕಾದ್ದಕ್ಕಿಂತ ಉತ್ತರಕ್ಕಿದೆ. ಆ ಪ್ರಕಾರ ಟೊಲೀಡೊ ಓಹಾಯೋಗೆ, ನಿಜವಾದ ಕೆರೆ ಪ್ರಕಾರ ಮಿಶಿಗನ್‌ಗೆ. 1835ರಲ್ಲಿ ಎರಡೂ ಕಡೆಯವ್ರು ಬಂದೂಕು ಹಿಡ್ಕೊಂಡು ನಿಂತಿದ್ರು, ಟೊಲೀಡೊ ವಾರ್ ಅಂತಾರೆ. ಈ ‘ವಾರ್’ನಲ್ಲಿ ಗಾಯ ಆಗಿದ್ದು ಒಬ್ಬ ಮಿಶಿಗನ್ ಪೊಲೀಸಪ್ಪನಿಗೆ, ಚೂರಿ ಹಾಕಿದೋನ ಹೆಸರು ಟೂ ಸ್ಟಿಕ್ನಿ. ಅಣ್ಣನ ಹೆಸರು ಒನ್ ಸ್ಟಿಕ್ನಿ. ಪ್ರಮಾಣ ಮಾಡಿ ಹೇಳ್ತೀನಿ ನಿಜ. ಕೊನೆಗೆ ಟೊಲೀಡೊ ಓಹಾಯೋಗೆ ಸಿಕ್ತು, ಮಿಶಿಗನ್‌ಗೆ ಸಮಾಧಾನಕ್ಕೆ ಅಂತ ಮೇಲಿನ ಪರ್ಯಾಯದ್ವೀಪ ಕೊಟ್ಟು 1837ರಲ್ಲಿ ರಾಜ್ಯ ಮಾಡಿದ್ರು. ಅಲ್ಲಿ ನೋಡಿದ್ರೆ ತಾಮ್ರ ಕಬ್ಬಿಣ ರಾಶಿ ರಾಶಿ! ಇವತ್ತಿಗೂ ಎರಡು ಯೂನಿವರ್ಸಿಟಿ ಫುಟ್‌ಬಾಲ್ ಮ್ಯಾಚ್ ದಿನ ನನ್ ಮ್ಯಾನೇಜರ್ ಮಿಶಿಗನ್ ಹೆಸರೇ ಎತ್ತಲ್ಲ, ‘ಆ ಮೇಲಿನ ರಾಜ್ಯ’ ಅಂತಾನೆ.

ಹುಬ್ಬಳ್ಳಿ_ಮಂದಿ

ಹಂಗಾದ್ರ ಲೆಕ್ಕ ಇಷ್ಟ ಆತು ನೋಡ್ರಿ, ನೆಲಕ್ಕೂ ಕಾಗದಕ್ಕೂ ಜಗಳ ಬಂದ್ರ ಕಾಗದಾನ ಗೆಲ್ತದ.

ಮೋಜಣಿ_ಮೇಷ್ಟ್ರು

ಇಲ್ಲ ಸ್ವಾಮಿ, ಅಲ್ಲೇ ಇರುವುದು ಸ್ವಾರಸ್ಯ. ದೇಶ ದೇಶಗಳ ಮಟ್ಟದಲ್ಲಿ ನೀವು ಹೇಳಿದ ಹಾಗೇ, ಆದರೆ ಹೊಲದ ಮಟ್ಟದಲ್ಲಿ ಉಲ್ಟಾ. 1805ರಲ್ಲಿ ಅವರು ಕಾನೂನು ಮಾಡಿದರು. ಮೊದಲು ಅಳೆದವನು ನೆಟ್ಟ ಮೂಲೆ ಗುರುತು ಏನಿದೆ ಅದೇ ಮೂಲೆ. ಅವನ ಅಳತೆ ತಪ್ಪಿದ್ದರೂ, 640 ಎಕರೆ ಅಂತ ಕಾಗದದಲ್ಲಿದ್ದು ಅಲ್ಲಿ 630 ಇದ್ದರೂ, ಗುರುತು ಕದಲಿಸುವಂತಿಲ್ಲ. ನಮ್ಮಲ್ಲೂ ಹದ್ದುಬಸ್ತಿಗೆ ಹೋದಾಗ ನಾನು ಮೊದಲು ಹುಡುಕುತ್ತಿದ್ದದ್ದು ಹಳೆಯ ಬಾಂದು ಕಲ್ಲನ್ನೇ, ಆಮೇಲೆ ಟಿಪ್ಪಣಿ ಬಿಚ್ಚುತ್ತಿದ್ದೆ. ಎಷ್ಟೋ ಸಲ ಕಲ್ಲು ಸಿಗುತ್ತಿದ್ದದ್ದು ಯಾರದೋ ಮನೆಯ ಬಚ್ಚಲ ಕಲ್ಲಾಗಿ.

ಇನ್ನೊಂದು ಮಾತು ಹೇಳಿ ಮಲಗುತ್ತೇನೆ. ವಿಲಿಯಂ ಲ್ಯಾಂಬ್ಟನ್ ಹೆಸರು ಕೇಳಿರುತ್ತೀರಿ, ಭಾರತದ ಮಹಾ ತ್ರಿಕೋನ ಮೋಜಣಿ ಶುರು ಮಾಡಿದವನು. ಅವನು 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್ ಸೋತಾಗ ಅಮೆರಿಕನ್ನರಿಗೆ ಸೆರೆಸಿಕ್ಕವರಲ್ಲಿ ಒಬ್ಬ. ಬಿಡುಗಡೆಯಾಗಿ ಕೆನಡಾ ಕಡೆ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಜಮೀನು ಅಳೆಯುವ ಕೆಲಸ. ಆಮೇಲೆ 33ನೇ ರೆಜಿಮೆಂಟಿನ ಜೊತೆ ಇಲ್ಲಿಗೆ ಬಂದು 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧ. ರಾತ್ರಿ ದಂಡು ದಾರಿ ತಪ್ಪಿ ಟಿಪ್ಪುವಿನ ಕಡೆಗೇ ಹೋಗುತ್ತಿದ್ದಾಗ ನಕ್ಷತ್ರ ನೋಡಿ ದಿಕ್ಕು ತಪ್ಪಿದೆ ಅಂದವನು ಇವನೇ. 1800ರಲ್ಲಿ ಬೆಂಗಳೂರಿನ ಹತ್ತಿರ ಏಳೂವರೆ ಮೈಲಿಯಷ್ಟು ಆಧಾರ ರೇಖೆ ಅಳೆದ. ಅಳೆದ ಉಕ್ಕಿನ ಸರಪಳಿ ಚೀನಾದ ಚಕ್ರವರ್ತಿಗೆ ಅಂತ ಇಂಗ್ಲೆಂಡಿನಿಂದ ಒಯ್ದು, ಅವರು ಬೇಡ ಅಂದ ಸಾಮಾನುಗಳಲ್ಲಿ ಒಂದು. ಕ್ಲಾರ್ಕ್ ಮಿಸೌರಿಯಲ್ಲಿ ದೋಣಿಯಲ್ಲಿ ಕೂತು ಅಂದಾಜಿನ ಮೇಲೆ ದೂರ ಬರೆಯುತ್ತಿದ್ದ ವರ್ಷಗಳಲ್ಲಿ ಇಲ್ಲಿ ದಕ್ಷಿಣದಲ್ಲಿ ಇವನು ಇಂಚು ಇಂಚು ಲೆಕ್ಕ ಹಾಕುತ್ತಿದ್ದ.

ನಕ್ಷೆಹುಚ್ಚ

ಯಾರ್ಕ್‌ಟೌನಲ್ಲಿ ಸೋತ ಕಾರ್ನ್‌ವಾಲಿಸೇ 1791ರಲ್ಲಿ ಬೆಂಗಳೂರು ಕೋಟೆ ಹಿಡಿದಿದ್ದು ಅಂತ ಗೊತ್ತಿತ್ತು, ಲ್ಯಾಂಬ್ಟನ್ದು ಗೊತ್ತಿರ್ಲಿಲ್ಲ. ಮೇಷ್ಟ್ರೇ ನೀವು ಮಲಗ್ಬೇಡಿ.

ಓಹಾಯೋ_ಹಾಸನ

ಮೇಷ್ಟ್ರು ಹೇಳಿದ್ದು ಓದಿ ಸುಮ್ನಿರಕ್ಕಾಗ್ದೆ ಮನೆ ಪತ್ರ ತೆಗೆದೆ. ನಮ್ಮನೆ ಸೈಯೋಟೊ ನದಿಯ ಪಶ್ಚಿಮಕ್ಕೆ, ಹಿಲಿಯರ್ಡ್ ಕಡೆ. ಇಲ್ಲಿ ರೋಡೆಲ್ಲಾ ಯಾಕಿಷ್ಟು ಸೊಟ್ಟ ಅಂತ ಎಂಟು ವರ್ಷದಿಂದ ಬೈಕೊಂಡು ಓಡಾಡ್ತಿದೀನಿ. ನೋಡಿದ್ರೆ ಈ ಭಾಗ ಚೌಕಕ್ಕೆ ಸೇರೇ ಇಲ್ಲ, ವರ್ಜೀನಿಯಾ ತನ್ನ ಸೈನಿಕರಿಗೆ ಅಂತ ಉಳಿಸ್ಕೊಂಡಿದ್ದ ಜಮೀನು, ಕೆಂಟಕಿ ತರಾನೇ ಮರ ತೊರೆ ಲೆಕ್ಕದ ಚಕ್ಕುಬಂದಿ. ಪತ್ರದಲ್ಲಿ ಸ್ಪಷ್ಟವಾಗಿ ‘ವರ್ಜೀನಿಯಾ ಮಿಲಿಟರಿ ಸರ್ವೆ ನಂಬರ್’ ಅಂತಿದೆ. ಊರಲ್ಲಿ ಅಪ್ಪನ ಪಹಣಿಲೂ ಸರ್ವೆ ನಂಬರು, ಇಲ್ಲೂ ಸರ್ವೆ ನಂಬರು. ಹೆಂಡ್ತಿಗೆ ತೋರ್ಸಿದೆ, "ಇಲ್ಲೂ ಪಕ್ಕದ್ಮನೆಯವ್ರ ಜೊತೆ ಬೇಲಿ ಜಗಳ ತೆಗೀಬೇಡಿ" ಅಂದ್ಳು.

ಮೋಜಣಿ_ಮೇಷ್ಟ್ರು

ಓಕ್ ಮರ ಇದೆಯಾ ನೋಡಿ ಮೊದಲು.